ಎಂಟು ಸಿಲಿಂಡರು, ಎರಡು ಎತ್ತು

ದೀಪಾವಳಿಗೆ ಸುಣ್ಣ ಬಳಿಯುವ ಗಡಿಬಿಡಿಯಲ್ಲಿ ಧಾರವಾಡದ ನಮ್ಮ ಮಾಳಮಡ್ಡಿಯ ಮನೆಯ ಅಟ್ಟದಿಂದ ಈ ಸಲ ಇಳಿದುಬಂದ ಸಾಮಾನುಗಳಲ್ಲಿ ಗಾಜೊಡೆದ ಕಂದೀಲು, ಕಾಲು ಮುರಿದ ಮಣೆ, ಯಾರದೋ ಮದುವೆಯ ಬಾಸಿಂಗ ಇವುಗಳ ನಡುವೆ ಹಿತ್ತಾಳೆಯ ಒಂದು ಮೋಟಾರು ಹಾರ್ನೂ ಇತ್ತು. ಬೇಲದ ಹಣ್ಣಿನಷ್ಟು ದಪ್ಪದ ಅದರ ರಬ್ಬರಿನ ಉಂಡೆ ಬಿರುಕು ಬಿಟ್ಟಿದೆ. ಮಕ್ಕಳು ಸರದಿಯ ಮೇಲೆ ಅದನ್ನು ಹಿಚುಕಿದರೆ, ನೆಗಡಿಯಾದ ಕುರಿಯಂತೆ ಒಂದು ದನಿ ಹೊರಡುತ್ತದೆ. ಎರಡು ದಿನ ಈ ಕುರಿಯ ಕಾಟ ತಡೆದುಕೊಂಡ ನನ್ನ ಹೆಂಡತಿ ಮೂರನೆಯ ದಿನ, "ಅದನ್ನ ಹಳೇ ಸಾಮಾನ ಕೊಳ್ಳೂ ಮೋಡಕಾದವಗ ಹಾಕ್ರಿ, ಇಲ್ಲಾಂದ್ರ ನನ್ನ ತವರಮನಿಗೆ ಕಳಸ್ರಿ" ಎಂದಳು. ತವರುಮನೆಗೆ ಹಾರ್ನನ್ನೋ ಅವಳನ್ನೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹಾರ್ನನ್ನು ಒರೆಸಿ ನನ್ನ ಪುಸ್ತಕದ ಕಪಾಟಿನಲ್ಲಿ ಇಟ್ಟುಕೊಂಡೆ. ಅದೇಕೆ ಇಟ್ಟುಕೊಂಡೆ ಎಂದು ಅವಳಿಗೆ ಹೇಳಿಲ್ಲ, ನಿಮಗೆ ಹೇಳುತ್ತೇನೆ.

ನಮ್ಮ ತಂದೆಗೆ ಹುಬ್ಬಳ್ಳಿಯಲ್ಲಿ ಹತ್ತಿಯ ವ್ಯಾಪಾರವಿತ್ತು. ಅವರು ಸ್ವಭಾವತಃ ಸಾವಧಾನದ ಮನುಷ್ಯರು. ನಡೆಯುವುದು ನಿಧಾನ, ಉಣ್ಣುವುದು ನಿಧಾನ, ಸಿಟ್ಟಿಗೇಳುವುದಂತೂ ಇನ್ನೂ ನಿಧಾನ, ಅವರ ಸಿಟ್ಟು ಏರುವಷ್ಟರಲ್ಲಿ ತಪ್ಪು ಮಾಡಿದವನು ಊರು ದಾಟಿರುತ್ತಿದ್ದ. ಇಂಥವರು ಒಂದು ದಿನ ಮುಂಬಯಿಯಿಂದ, ಗಂಟೆಗೆ ಎಪ್ಪತ್ತು ಮೈಲಿ ಓಡಬಲ್ಲ ಅಮೇರಿಕದ ಮೋಟಾರನ್ನು ತರಿಸಿದರೆಂದರೆ, ಅದಕ್ಕೆ ಓಟದ ಆಸೆ ಕಾರಣವಲ್ಲ. ಎದುರಿನ ಅಂಗಡಿಯವರು ಆರು ಸಿಲಿಂಡರಿನ ಮೋಟಾರು ತಂದಿದ್ದರು, ನಮ್ಮದು ಎಂಟು ಸಿಲಿಂಡರಿನದು, ಇಷ್ಟೇ. ಸಿಲಿಂಡರು ಎಂದರೇನೆಂದು ಎರಡೂ ಮನೆಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಆಯಿ, ಅಂದರೆ ಅಜ್ಜಿ, ಎಂಟಕ್ಕೂ ವಿಭೂತಿ ಹಚ್ಚಲೇಬೇಕೆಂದು ಹಟ ಹಿಡಿದು, ಅವು ಒಳಗಿವೆ ಎಂದು ತಿಳಿದ ಮೇಲೆ ಮುಚ್ಚಳದ ಮೇಲೆಯೇ ಎಂಟು ಕಡೆ ಹಚ್ಚಿ ಸಮಾಧಾನಪಟ್ಟಳು. ಆ ಎಪ್ಪತ್ತು ಮೈಲಿಯ ಮೋಟಾರಿನಲ್ಲಿ ತಂದೆ ಕೂತು, "ಟಾಂಗಾದ ಹಿಂದ ಹೋಗಲಿ, ಮುಂದ ಬ್ಯಾಡ" ಎಂದು ಡ್ರೈವರನಿಗೆ ತಾಕೀತು ಮಾಡಿ ಅಂಗಡಿಗೆ ಹೋಗುತ್ತಿದ್ದರು. ಅದರ ಒಳಗಿನ ಅಷ್ಟೊಂದು ಬಲ, ಶಾಲೆಯ ಗೋಡೆಯೊಳಗಿನ ಹುಡುಗನ ಹಾಗೆ, ಸುಮ್ಮನೆ ಕೈಕಟ್ಟಿ ಕೂತಿರುತ್ತಿತ್ತು.

ಆ ಹುಡುಗನ ಸಂಕಟ ಬಲ್ಲವನು ಮನೆಯಲ್ಲಿ ಇನ್ನೊಬ್ಬನಿದ್ದ. ನನಗಾಗ ಹದಿನಾರು ವರ್ಷ. ಮ್ಯಾಟ್ರಿಕ್ ಪರೀಕ್ಷೆಗೆ ಕೂತು ಬಂದಿದ್ದೆ. ಮೀಸೆ ಬರುತ್ತೇನೆ ಎನ್ನುತ್ತಿತ್ತು, ಬಂದಿರಲಿಲ್ಲ. ಹದಿನಾರು ಎಂಬುದು ವಿಚಿತ್ರವಾದ ವಯಸ್ಸು, ಮಿತ್ರರೇ. ಕೈಕಾಲು ನಮ್ಮ ಅಪ್ಪಣೆ ಕೇಳದೆ ಬೆಳೆದುಬಿಟ್ಟಿರುತ್ತವೆ, ಅವುಗಳ ಬಲಕ್ಕೆ ತಕ್ಕ ಕೆಲಸವನ್ನು ಮಾತ್ರ ಯಾರೂ ಕೊಟ್ಟಿರುವುದಿಲ್ಲ. ದೊಡ್ಡವರು "ನೀ ಇನ್ನ ಸಣ್ಣಾಂವ" ಎಂದು ಹೊರಗೆ ಕಳಿಸುತ್ತಾರೆ, ಸಣ್ಣವರು "ನೀ ದೊಡ್ಡಾಂವ" ಎಂದು ಆಟಕ್ಕೆ ಸೇರಿಸುವುದಿಲ್ಲ. ಇಂಥ ನಡುಗಡ್ಡೆಯಲ್ಲಿ ನಿಂತವನ ಕಾಲ ಕೆಳಗೆ ಒಂದು ಪೆಡಲು ಸಿಕ್ಕಿ, ಅದನ್ನು ಒಂದಂಗುಲ ಒತ್ತಿದರೆ ಎರಡು ಟನ್ನಿನ ಕಬ್ಬಿಣ ಅವನ ಮಾತು ಕೇಳಿ ಮುಂದಕ್ಕೆ ನುಗ್ಗುತ್ತದೆ ಎಂದರೆ, ಜಗತ್ತಿನಲ್ಲಿ ಮೊದಲ ಸಲ ಯಾರೋ ಅವನ ಮಾತು ಕೇಳಿದಂತಾಯಿತು. ನಮ್ಮ ಡ್ರೈವರ ನನ್ನ ಕಾಟ ತಾಳಲಾರದೆ ಮೈದಾನದಲ್ಲಿ ಗುಟ್ಟಾಗಿ ಕಲಿಸಿದ್ದ. ಹದಿನೈದು ದಿನಗಳಲ್ಲಿ ಕಲಿತೆ. ಓಡಿಸುವುದನ್ನು ಕಲಿಯಲು ಹದಿನೈದು ದಿನ ಸಾಕು, ಅಪಾಯವಿರುವುದೇ ಅಲ್ಲಿ.

ಮೇ ತಿಂಗಳ ಒಂದು ದಿನ ತಂದೆ ಗದಗಿಗೆ ಹೋಗಿದ್ದರು, ಡ್ರೈವರ ಮಗಳ ನಿಶ್ಚಯಕ್ಕೆಂದು ರಜೆ ಪಡೆದಿದ್ದ. ನಾನು ಇಬ್ಬರು ಗೆಳೆಯರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಧಾರವಾಡಕ್ಕೆ ಹೋದೆ. ಹೋಗುವಾಗ ಮರ್ಯಾದೆಯಿಂದಲೇ ಹೋದೆವು. ಫೇಡೆ ತಿಂದೆವು. ಬರುವಾಗ ನವಲೂರಿನ ಪೇರಲ ತೋಟಗಳು ಹಿಂದಾಗಿ ದಾರಿ ನೆಟ್ಟಗಾದದ್ದೇ ತಡ, ಹಿಂದಿನ ಸೀಟಿಗೆ ನಾಲಿಗೆ ಬಂತು. "ಎಂಟ ಸಿಲಿಂಡರ್ ಅಂತಿ, ಇದೇನೋ ಹೆಣದ ಮೆರವಣಿಗಿ ನಡದಂಗ ನಡದೈತಿ" ಎಂದ ಒಬ್ಬ. "ಬಿಡೋ ಜೋರ" ಎಂದ ಇನ್ನೊಬ್ಬ. ನಾನು ಬಿಟ್ಟೆ. ಮುಳ್ಳು ನಲವತ್ತು ದಾಟಿತು, ಐವತ್ತು ದಾಟಿತು. ಬೇವಿನ ಮರಗಳು ಒಂದಕ್ಕೊಂದು ಅಂಟಿಕೊಂಡು ಗೋಡೆಯಾದವು. ನಿಜ ಹೇಳುತ್ತೇನೆ, ಅಂಥ ಸಂತೋಷವನ್ನು ಆ ಮೊದಲು ನಾನು ಕಂಡಿರಲಿಲ್ಲ. ಅದು ಕೆಟ್ಟ ಸಂತೋಷವೆಂದು ಈಗ ಬರೆದರೆ ನೀವು ನಂಬುತ್ತೀರಿ, ಹರೆಯದವರು ನಂಬುವುದಿಲ್ಲ. ಆದ್ದರಿಂದ ಖರೇ ಇದ್ದದ್ದನ್ನೇ ಬರೆಯುತ್ತಿದ್ದೇನೆ.

ಬೈರಿದೇವರಕೊಪ್ಪ ಇನ್ನೊಂದು ಮೈಲಿ ಇದೆ ಎನ್ನುವಾಗ ಮುಂದೊಂದು ಖಾಲಿ ಚಕ್ಕಡಿ ಕಂಡಿತು, ದಾರಿಯ ನಟ್ಟನಡುವೆ. ಈಗ ನನ್ನ ಕಪಾಟಿನಲ್ಲಿರುವ ಇದೇ ಹಾರ್ನ್ ಹಿಚುಕಿದೆ. ಹಾರ್ನ್ ಕೇಳಿದರೆ ಚಕ್ಕಡಿಗಳು ಬದಿಗೆ ಸರಿಯುವುದು ರೂಢಿ, ಈ ಚಕ್ಕಡಿ ಸರಿಯಲಿಲ್ಲ. ಓಡಿತು. ಎತ್ತುಗಳು ಬಾಲ ಎತ್ತಿ, ಕೊರಳು ಚಾಚಿ, ದಾರಿಯ ನಡುವೆಯೇ ಬಾಣದಂತೆ ಓಡತೊಡಗಿದವು. ಹಿಂದಿನ ಸೀಟು ಕೇಕೆ ಹಾಕಿತು. ಒಂದು ಎತ್ತಿನಗಾಡಿ ನನ್ನ ಎಂಟು ಸಿಲಿಂಡರಿಗೆ ಪಂಥ ಕಟ್ಟಿದೆ ಎಂದು ನನಗೆ ಅನ್ನಿಸಿತು, ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ನಾನು ಇನ್ನೂ ಒತ್ತಿದೆ, ಇನ್ನೂ ಊದಿದೆ. ನಾನು ಊದಿದಷ್ಟೂ ಅವು ಓಡಿದವು. ಗಾಡಿಯ ಮೇಲಿನ ಮನುಷ್ಯ ಎದ್ದು ನಿಂತು ಹಗ್ಗ ಜಗ್ಗುತ್ತಿದ್ದ. ನನ್ನ ಮೋಟಾರಿನ ಮೂತಿ ಅವನ ಗಾಲಿಗೆ ತಾಗುವಂತಾದಾಗ ಅವನು ಬಲವಾಗಿ ಎಡಕ್ಕೆ ಜಗ್ಗಿದ. ಚಕ್ಕಡಿ ದಾರಿಯ ಅಂಚು ಬಿಟ್ಟು, ಒಂದು ಗಾಲಿ ಮೇಲಾಗಿ, ಹಳ್ಳದಂಥ ತಗ್ಗಿಗೆ ಉರುಳಿತು. ನನ್ನ ಮೋಟಾರು ಅದಕ್ಕೆ ತಾಗಲಿಲ್ಲ. ಸೊಗಸಾಗಿ ದಾಟಿ ಮುಂದೆ ಹೋಯಿತು.

ನಾನು ನಿಲ್ಲಿಸಲಿಲ್ಲ. ಈ ವಾಕ್ಯವನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ಮೋಟಾರನ್ನು ಮನೆಗೆ ತಂದು, ಧೂಳು ಒರೆಸಿ, ಮೊದಲಿದ್ದ ಹಾಗೆಯೇ ನಿಲ್ಲಿಸಿ, ಹೊಟ್ಟೆನೋವೆಂದು ಸುಳ್ಳು ಹೇಳಿ ಮಲಗಿದೆ. ಗೆಳೆಯರು ತಮ್ಮ ತಮ್ಮ ಓಣಿ ಬಂದಾಗ ಇಳಿದುಹೋಗಿದ್ದರು.

ಮರುದಿನ ಮುಂಜಾನೆ, ತಂದೆ ಗದಗಿನಿಂದ ಬಂದು ಕೂತಿದ್ದಾಗ, ಮೊಣಕೈಗೆ ಅರಿಷಿಣದ ಬಟ್ಟೆ ಸುತ್ತಿಕೊಂಡ ಒಬ್ಬ ರೈತ ಬಾಗಿಲಿಗೆ ಬಂದ. ಬೈರಿದೇವರಕೊಪ್ಪದ ನಿಂಗಪ್ಪ ಎಂದು ಹೆಸರು ಹೇಳಿಕೊಂಡ. ಐವತ್ತರ ಹತ್ತಿರದ ವಯಸ್ಸು, ಒಣಗಿದ ಮೈ. ಅಂಥ ಮೋಟಾರು ಊರಲ್ಲಿ ಒಂದೇ ಇದ್ದದ್ದರಿಂದ ಅವನಿಗೆ ಮನೆ ಹುಡುಕುವ ಕಷ್ಟವಾಗಿರಲಿಲ್ಲ. ಅವನ ಬಲಬದಿಯ ಎತ್ತು, ಮಾಸಲು ಬಣ್ಣದ್ದಾದ್ದರಿಂದ ಮಾಸ್ಯಾ ಎಂದು ಹೆಸರು, ಮುಂಗಾಲಿನ ಹೆಗಲಕೀಲು ತಪ್ಪಿ ನೆಲ ಹಿಡಿದಿತ್ತು. ತಂದೆ ನನ್ನನ್ನು ಕರೆದರು. ನಾನು ತಲೆ ತಗ್ಗಿಸಿ ಒಪ್ಪಿಕೊಂಡೆ. ತಂದೆಯ ಸಿಟ್ಟು ಅಂದು ಮಾತ್ರ ತಡಮಾಡಲಿಲ್ಲ. ಅವರು ಏನೇನು ಅಂದರೋ ಒಂದಕ್ಷರವೂ ನನಗೆ ನೆನಪಿಲ್ಲ, ಉಪದೇಶದ ಹಣೆಬರಹವೇ ಅದು. ಕೊನೆಗೆ ಅವರು ನಿಂಗಪ್ಪನಿಗೆ, ನಾಳೆಯೇ ಅದಕ್ಕಿಂತ ಛಲೋ ಎತ್ತು ಕೊಡಿಸುತ್ತೇನೆ ಎಂದರು.

"ಎತ್ತ ಕೊಡ್ತೀರಿ ಸಾವ್ಕಾರ್ರ, ಜೋಡಿ ಹ್ಯಾಂಗ ಕೊಡ್ತೀರಿ?" ಎಂದ ನಿಂಗಪ್ಪ. ದನಿ ಏರಿರಲಿಲ್ಲ. "ಕರುಗಳಿದ್ದಾಗಿಂದ ಒಂದ ನೊಗದಾಗ ಬೆಳದಾವ್ರಿ. ಅದರ ಜೋಡಿ ಬೆಳ್ಳ್ಯಾ ನಿನ್ನಿಯಿಂದ ಮೇವಿನ ಕಣಿಕಿ ಮುಟ್ಟಿಲ್ಲ."

"ಮತ್ತೇನ ಮಾಡೂಣು, ನೀವ ಹೇಳ್ರಿ" ಎಂದರು ತಂದೆ.

ನಿಂಗಪ್ಪ ನನ್ನನ್ನು ಮೇಲಿಂದ ಕೆಳಗೆ, ಎತ್ತಿನ ಸಂತೆಯಲ್ಲಿ ನೋಡುವ ಹಾಗೆ ನೋಡಿದ. "ಈ ತಮ್ಮನ್ನ ಕಳಸ್ರಿ. ಬಿದ್ದ ಎತ್ತಿನ ಮಗ್ಗಲಾ ಹೊಳ್ಳಸಾಕ ನಾಕ ಮಂದಿ ಬೇಕು. ನಮ್ಮಲ್ಲಿ ಮೂರ ಮಂದಿ ಅದೇವಿ."

ಹೀಗೆ ನಾನು ಬೈಸಿಕಲ್ಲು ತುಳಿಯುತ್ತ ದಿನಾಲೂ ಬೈರಿದೇವರಕೊಪ್ಪಕ್ಕೆ ಹೋಗತೊಡಗಿದೆ. ಬಿದ್ದ ಎತ್ತು ಒಂದೇ ಮಗ್ಗುಲಿಗೆ ಮಲಗಿದರೆ ಆ ಮಗ್ಗುಲು ಹುಣ್ಣಾಗುತ್ತದೆ, ಹುಣ್ಣಾದ ಎತ್ತು ಏಳುವುದಿಲ್ಲ. ಅದಕ್ಕೇ ಮುಂಜಾನೆ, ಮಧ್ಯಾಹ್ನ, ಸಂಜೆ, ಮೂರು ಹೊತ್ತು ಅದನ್ನು ಹೊರಳಿಸಬೇಕು. ನಿಂಗಪ್ಪ ಮತ್ತು ಪಕ್ಕದ ಮನೆಯ ಅಣ್ಣತಮ್ಮಂದಿರು ಮೈಯ ಕೆಳಗೆ ಗೋಣಿತಟ್ಟು ತೂರಿಸಿ ಎತ್ತುವಾಗ, ಕೋಡು ನೆಲಕ್ಕೆ ಬಡಿಯದಂತೆ ತಲೆಯನ್ನು ಹಿಡಿಯುವುದು ನನ್ನ ಕೆಲಸ. ಎತ್ತಿನ ತಲೆ ಎಷ್ಟು ಭಾರವೆಂದು ಅಲ್ಲಿಯತನಕ ನನಗೆ ಗೊತ್ತಿರಲಿಲ್ಲ. ಅದು ನನ್ನ ತೊಡೆಯ ಮೇಲೆ ಬಿಸಿಯುಸಿರು ಬಿಡುತ್ತ, ಅಷ್ಟಗಲದ ಕಣ್ಣು ತೆರೆದು ನನ್ನನ್ನೇ ನೋಡುತ್ತಿತ್ತು. ಆ ಕಣ್ಣಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಮೋಟಾರಿನ ಬಲವೆಲ್ಲ ಎಲ್ಲಿಂದ ಬರುತ್ತದೋ ನನಗೆ ತಿಳಿಯದು, ಅದು ಹೋದ ಮೇಲೆ ಏನು ಉಳಿಯುತ್ತದೆ ಎಂಬುದನ್ನು ಮಾತ್ರ ನಾನು ತೊಡೆಯ ಮೇಲೆ ಹೊತ್ತು ಕಲಿತೆ. ಔಡಲ ಎಲೆಯನ್ನು ಕಾಯಿಸಿ ಅದರ ಹೆಗಲಿಗೆ ಶಾಖ ಕೊಟ್ಟೆ, ಹುರುಳಿ ಬೇಯಿಸಿ ಕೈಯಿಂದ ತಿನ್ನಿಸಿದೆ, ಸೆಗಣಿ ಬಳಿದೆ. ಬಿತ್ತಿಗೆಯ ಮಳೆ ಬರುವ ಮೊದಲು ಮಾಸ್ಯಾ ಎದ್ದು ನಿಲ್ಲದಿದ್ದರೆ ಇನ್ನು ಏಳುವುದಿಲ್ಲ ಎಂದು ನಾಟಿ ವೈದ್ಯ ಹೇಳಿ ಹೋಗಿದ್ದ. ನಾನು ದಿನವೂ ಆಕಾಶ ನೋಡಿ, ಮೋಡ ಕಂಡರೆ ಹೆದರುತ್ತಿದ್ದೆ. ಧಾರವಾಡ ಸೀಮೆಯಲ್ಲಿ ಆ ವರ್ಷ ಮಳೆ ಬೇಡವೆಂದು ಬೇಡಿಕೊಂಡವನು ನಾನೊಬ್ಬನೇ ಇರಬೇಕು.

ನಿಂಗಪ್ಪನ ಹೆಂಡತಿ ಗಂಗವ್ವ ಆ ಮನೆಯಲ್ಲಿ ನನ್ನೊಡನೆ ಮಾತಾಡದವಳು. ಊಟ ಮಾತ್ರ ಹಾಕುತ್ತಿದ್ದಳು, ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮೇಲೊಂದಿಷ್ಟು ಬೆಣ್ಣೆ. ಹಸಿದವನಿಗೆ ಹಾಕದಿರುವುದು ಅವಳ ನಡತೆಯಲ್ಲಿರಲಿಲ್ಲ, ತಪ್ಪು ಮಾಡಿದವನನ್ನು ಮಾತಾಡಿಸುವುದೂ ಇರಲಿಲ್ಲ. ಒಂದು ದಿನ ನಾನು ಧೈರ್ಯ ಮಾಡಿ, "ತಪ್ಪಾತ್ರಿ ಚಿಗವ್ವಾ" ಎಂದೆ. ಅವಳು ಬುಟ್ಟಿಯನ್ನು ಕೆಳಗಿಟ್ಟಳು.

"ನನ್ನ ಮಗಳು ಪಾರವ್ವ ಚೊಚ್ಚಲ ಬಸುರಿ. ಎಂಟ ತಿಂಗಳ ತುಂಬಿದ್ವು. ನೀ ಕೆಡವಿದ ಮರುದಿನ ಅದ ಗಾಡ್ಯಾಗ ಅಕಿನ್ನ ಸುಳ್ಳ ಊರಿನ ಗಂಡನ ಮನಿಯಿಂದ ಕರಕೊಂಡ ಬರೂದಿತ್ತು" ಎಂದಳು. "ಒಂದ ದಿನ ಹೆಚ್ಚುಕಡಿಮಿ ಆಗಿದ್ರ ತಪ್ಪಾತು ಅಂತ ಯಾರ ಮುಂದ ಹೇಳ್ತಿದ್ದಿ?"

ಪಾರವ್ವನನ್ನು ಅಷ್ಟರಲ್ಲಿ ಬೇರೆಯವರ ಗಾಡಿಯಲ್ಲಿ ಕರೆತಂದಿದ್ದರು. ಅವಳು ಪಡಸಾಲೆಯಲ್ಲಿ ಕಂಬಕ್ಕೊರಗಿ, ಊದಿದ ಕಾಲು ಚಾಚಿ ಕೂತು ಹುಟ್ಟುವ ಕೂಸಿಗೆ ಕುಂಚಿಗೆ ಹೊಲಿಯುತ್ತಿದ್ದಳು. ನಾನು ಅವಳತ್ತ ನೋಡಲಾರದೆ ಎತ್ತು ಮೇಯುವ ಗೋದಲಿಯ ಬಳಿ ಹೋಗಿ ನಿಂತೆ. ಅಂದು ಅತ್ತೆ. ಮಾಸ್ಯಾನ ಪಕ್ಕದಲ್ಲಿ ಅಳುವುದಕ್ಕೆ ಒಂದು ಅನುಕೂಲವಿತ್ತು, ಅದು ಯಾರಿಗೂ ಹೇಳುತ್ತಿರಲಿಲ್ಲ.

ಕಾರಹುಣ್ಣಿಮೆ ಬಂತು. ನಮ್ಮ ಕಡೆ ಅಂದು ಎತ್ತುಗಳಿಗೆ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಸಂಜೆ ಕರಿ ಹರಿಯಲು, ಎಂದರೆ ಊರಬಾಗಿಲಿಗೆ ಕಟ್ಟಿದ ತೋರಣ ಹರಿಯುವ ಪಂದ್ಯಕ್ಕೆ, ಓಡಿಸುವುದುಂಟು. ನಿಂಗಪ್ಪ ಬಣ್ಣದ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, "ಮಾಸ್ಯಾಗ ನೀ ಹಚ್ಚು" ಎಂದ. ಮಲಗಿದ ಎತ್ತಿನ ಕೋಡಿಗೆ ಹಸಿರು ಬಣ್ಣ ಬಳಿಯುತ್ತಿದ್ದಾಗ ಅವನು ನನ್ನ ಬಳಿ ಕುಕ್ಕರಗಾಲಲ್ಲಿ ಕೂತ. ಹೊರಗೆ ಯಾರೋ ಕಹಳೆ ಊದಿದರು. ಮಾಸ್ಯಾನ ಕಿವಿಗಳೆರಡೂ ನಿಮಿರಿದವು, ಎದ್ದೇನೆಂದು ಮುಂಗಾಲು ನಡುಗಿತು.

"ನೋಡು" ಎಂದ ನಿಂಗಪ್ಪ. "ಎರಡ ತಿಂಗಳಿಂದ ಕರಿಗೆ ತಯಾರ ಮಾಡಿದ್ನಿ. ಹಿಂದಿಂದ ಕಹಳಿ ಊದಿದ್ರ ನಡುದಾರಿ ಹಿಡದ ಓಡಬೇಕು, ಹಂಗ ಕಲಿಸಿದ್ನಿ. ನೀ ಊದಿದಿ, ಅವು ಓಡಿದ್ವು. ಐವತ್ತ ವರ್ಷದಾಂವ ನಾ, ನನಗೂ ನಮ್ಮ ಎತ್ತ ಎಲ್ಲಾರಕಿಂತ ಮುಂದ ಓಡಲಿ ಅಂತ ಇತ್ತಲ್ಲೋ ತಮ್ಮಾ." ಎತ್ತಿನ ಕೊರಳ ಮೇಲೆ ಕೈಯಿಟ್ಟು, "ನೀ ಹೊಳ್ಳಿ ನೋಡಲಿಲ್ಲ, ಅದೊಂದ ನನಗ ಭಾಳ ಕೆಟ್ಟ ಅನಿಸ್ತು" ಎಂದ.

ಗಂಗವ್ವನ ಮಾತಿಗೆ ಅತ್ತಿದ್ದೆ, ಈ ಮಾತಿಗೆ ಅಳಲೂ ಆಗಲಿಲ್ಲ. ಇಷ್ಟು ದಿನ ನಾನು ನನ್ನ ವೇಗವನ್ನೇ ತಪ್ಪೆಂದು ಹೊತ್ತು ತಿರುಗುತ್ತಿದ್ದೆ. ಅದರಲ್ಲಿ ಅರ್ಧವನ್ನು ಅವನು, ಬಂಡಿಯಿಂದ ಒಂದು ಚೀಲ ಇಳಿಸಿಕೊಳ್ಳುವ ಹಾಗೆ, ತನ್ನ ಹೆಗಲಿಗೆ ಇಳಿಸಿಕೊಂಡಿದ್ದ. ಯಾರೂ ಹೊರಲಾಗದ ಉಳಿದರ್ಧ ನನ್ನದೇ ಎಂದೂ ತೋರಿಸಿದ್ದ. ಹರೆಯವನ್ನು ತಿದ್ದುವುದಕ್ಕೆ ಇದಕ್ಕಿಂತ ಮೃದುವಾದ ದಾರಿಯನ್ನು ನಾನು ಈವರೆಗೆ ಕಂಡಿಲ್ಲ. ಈಗ ನಾನೂ ಕಾಲೇಜಿನಲ್ಲಿ ಹುಡುಗರಿಗೆ ಕಲಿಸುವವನು, ಕಾಣಬೇಕೆಂದು ಪ್ರಯತ್ನ ಮಾಡಿಯೇ ಹೇಳುತ್ತಿದ್ದೇನೆ. ಯುದ್ಧದ ದೆಸೆಯಿಂದ ಪೆಟ್ರೋಲಿಲ್ಲದೆ ಇಂದು ಎಲ್ಲರ ಮೋಟಾರೂ ಇದ್ದಲ್ಲಿಯೇ ನಿಂತಿವೆ. ನಾಳೆ ಯುದ್ಧ ಮುಗಿಯುತ್ತದೆ, ನಮ್ಮದಕ್ಕಿಂತ ಎರಡು ಪಟ್ಟು ಓಡುವ ಮೋಟಾರುಗಳು ಬರುತ್ತವೆ, ಹುಡುಗರು ಮಾತ್ರ ಅದೇ ಹದಿನಾರಕ್ಕೇ ಬರುತ್ತಾರೆ. ಪ್ರತಿ ಕಾಲವೂ ತನ್ನ ಮಕ್ಕಳ ಕೈಗೆ ಅವರ ವಿವೇಕಕ್ಕಿಂತ ವೇಗದ ಏನನ್ನೋ ಕೊಟ್ಟು, ಆಮೇಲೆ ಹುಡುಗರು ಕೆಟ್ಟರು ಎನ್ನುತ್ತದೆ.

ಕಾರಹುಣ್ಣಿಮೆಯಾದ ಒಂಬತ್ತನೆಯ ದಿನ, ಮಧ್ಯಾಹ್ನ ನಾಲ್ವರೂ ಸೇರಿ ಹೊರಳಿಸುವಾಗ, ಮಾಸ್ಯಾ ನನ್ನ ಕೈಯಿಂದ ತಲೆ ಕೊಸರಿಕೊಂಡು, ಹಿಂಗಾಲು ಊರಿ, ಒಮ್ಮೆ ಮುಗ್ಗರಿಸಿ, ಎದ್ದು ನಿಂತಿತು. ನಾಲ್ಕೂ ಕಾಲು ನಡುಗುತ್ತಿದ್ದವು. ಆಚೆ ಕಟ್ಟಿದ್ದ ಬೆಳ್ಳ್ಯಾ ಹಗ್ಗ ಜಗ್ಗಿ ಒದರಿತು. ನಿಂಗಪ್ಪ ತನ್ನ ತಲೆಯ ಪಟಗ ಬಿಚ್ಚಿ ಎತ್ತಿನ ಬೆನ್ನು ಒರೆಸಿದ. ಮಳೆ ಬಂದದ್ದು ಮೂರು ದಿನ ಬಿಟ್ಟು. ಮಳೆಯ ಸಂಜೆಯೇ ಪಾರವ್ವನಿಗೆ ಹೆರಿಗೆಯಾಯಿತು, ಹೆಣ್ಣುಕೂಸು.

ಮಾಸ್ಯಾ ಮತ್ತೆಂದೂ ಓಡಲಿಲ್ಲ. ಕುಂಟು ಉಳಿಯಿತು. ಆ ವರ್ಷದ ಬಿತ್ತಿಗೆಗೆ ತಂದೆ ಒಂದು ಜೋಡಿ ಎತ್ತು ಕಳಿಸಿಕೊಟ್ಟರು, ನಿಂಗಪ್ಪ ಬಿತ್ತಿಗೆ ಮುಗಿದ ದಿನವೇ ಮೈತೊಳೆದು ತಿರುಗಿ ತಂದು ಕಟ್ಟಿದ. ನಾನು ಧಾರವಾಡದ ಕಾಲೇಜು ಸೇರಿದೆ. ಆದರೂ ರವಿವಾರ ಬಂದರೆ ಬೈಸಿಕಲ್ಲು ತಾನಾಗಿ ಬೈರಿದೇವರಕೊಪ್ಪದ ಅಗಸಿಬಾಗಿಲಿಗೆ ತಿರುಗುತ್ತಿತ್ತು. ದೀಪಾವಳಿಯ ಹೊತ್ತಿಗೆ ಮಾಸ್ಯಾ ಹಗುರಾದ ಗಾಡಿ ಎಳೆಯಲು ತಯಾರಾಗಿತ್ತು.

ಪಾಡ್ಯದ ಮರುವಾರ ಪಾರವ್ವನನ್ನು ಗಂಡನ ಮನೆಗೆ ಕಳಿಸುವುದಿತ್ತು. ನಾನು ಹೋದಾಗ ಗಾಡಿಯಲ್ಲಿ ಕಣಿಕೆ ಹಾಸಿ, ಮೇಲೆ ಕೌದಿ ಹಾಸಿದ್ದರು. ಪಾರವ್ವ ಐದನೆಯ ತಿಂಗಳಿಗೆ ಬಿದ್ದ ಕೂಸನ್ನು ಎತ್ತಿಕೊಂಡು ಹತ್ತಿ ಕೂತಳು, ಪಕ್ಕದಲ್ಲಿ ಗಂಗವ್ವ. ನಿಂಗಪ್ಪ ಎತ್ತು ಹೂಡಿ, ಹಗ್ಗವನ್ನು ನನ್ನತ್ತ ಚಾಚಿದ.

"ಹಿಡಿ. ಸುಳ್ಳದ ತನಕ ನೀ ಹೊಡಿ."

"ನೀವ ಹೊಡೀರಿ" ಎಂದಳು ಗಂಗವ್ವ ಗಂಡನಿಗೆ, ಒಳಗಿನಿಂದ.

"ಮೊಣಕೈ ನೋಯ್ತೈತಿ" ಎಂದ ನಿಂಗಪ್ಪ. ಆರು ತಿಂಗಳ ಹಿಂದಿನ ಮೊಣಕೈ ಅದು. ಅವನು ಹಿಂದೆ ಹೋಗಿ ಕಾಲು ಇಳಿಬಿಟ್ಟು ಕೂತ.

ಹೊಲದ ದಾರಿ. ಎರಡೂ ಕಡೆ ಎರೆಭೂಮಿ, ಎದೆಯೆತ್ತರದ ಜೋಳ, ಹೂವಿಗೆ ಬಂದ ಹತ್ತಿ. ಮಾಸ್ಯಾನ ಕುಂಟೇ ನಮ್ಮ ಲೆಕ್ಕ, ಬೆಳ್ಳ್ಯಾ ತನ್ನ ಹೆಜ್ಜೆಯನ್ನು ಅದಕ್ಕೆ ಹೊಂದಿಸಿಕೊಂಡಿತ್ತು. ಪ್ರತಿ ತಗ್ಗು ಬಂದಾಗಲೂ ನನ್ನ ಬೆನ್ನಿಗೆ ಗಂಗವ್ವನ ಕಣ್ಣು ತಾಗುವುದು ತಿಳಿಯುತ್ತಿತ್ತು. ನಾನು ತಗ್ಗಿಗೆ ಮೊದಲೇ ಹಗ್ಗ ಬಿಗಿ ಹಿಡಿದು, ಒಂದು ಗಾಲಿ ಇಳಿಸಿ, ಅದು ನೆಲ ಮುಟ್ಟಿದ ಮೇಲೆ ಇನ್ನೊಂದನ್ನು ಇಳಿಸುತ್ತಿದ್ದೆ. "ಸಾವಕಾಶ" ಎಂದಳು ಒಮ್ಮೆ. ಅಷ್ಟು ತಿಂಗಳಲ್ಲಿ ನನಗೆ ಅವಳು ತಾನಾಗಿ ಆಡಿದ ಮೊದಲ ಮಾತು. ಎರಡು ಮೈಲಿಯಾದ ಮೇಲೆ ತಾಯಿಮಗಳು ಸಣ್ಣ ದನಿಯಲ್ಲಿ ಏನೋ ಮಾತಾಡಿಕೊಂಡರು. ಕೂಸು ಒಂದಿಷ್ಟು ಅತ್ತಿತು. ಆಮೇಲೆ ಗಾಲಿಯ ಸದ್ದೊಂದೇ ಉಳಿಯಿತು. ಏನಾಯಿತೋ ಎಂದು ಗಾಬರಿಯಾಗಿ ಹೊರಳಿ ನೋಡಿದೆ.

ಮಧ್ಯಾಹ್ನದ ಬಿಸಿಲಲ್ಲಿ ಎಲ್ಲರೂ ನಿದ್ದೆ ಹೋಗಿದ್ದರು. ಪಾರವ್ವ ತಾಯಿಯ ಭುಜಕ್ಕೆ ಒರಗಿದ್ದಳು. ಕೂಸು ಗಂಗವ್ವನ ತೊಡೆಯ ಮೇಲೆ ಮುಷ್ಟಿ ಬಿಚ್ಚಿ ಮಲಗಿತ್ತು. ನನ್ನನ್ನು ಅಷ್ಟು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಕಾದ ಗಂಗವ್ವ, ಗಾಡಿಯ ಗೂಟಕ್ಕೆ ತಲೆ ಆನಿಸಿ, ಬಾಯಿ ತುಸು ತೆರೆದು, ಗಾಢವಾಗಿ ನಿದ್ರಿಸುತ್ತಿದ್ದಳು.

ನನಗೆ ಕೆಮ್ಮು ಬಂದಿತ್ತು, ನುಂಗಿಕೊಂಡೆ. ಮುಂದೆ ಜೋಳದ ತೆನೆಗಳ ಮೇಲೆ ಸುಳ್ಳದ ಮರಗಳು ಕಾಣಿಸಿದವು. ಹಗ್ಗವನ್ನು ಸ್ವಲ್ಪ ಹಿಂದಕ್ಕೆ ಹಿಡಿದು, ಎತ್ತುಗಳನ್ನು ಇನ್ನೂ ಸಾವಕಾಶ ನಡೆಸಿದೆ.